ಫೋನಿಗೆ ಬಿದ್ದ ಕೀಲಿ

ಗೌರಾಬಾಯಿಗೆ ಆ ಜೇವರ್ಗಿಯ ಮನುಷ್ಯನ ಮೇಲೆ ಮೊದಲಿನಿಂದಲೂ ಸಂಶಯ. ಮಳೆಗೆ ರಾಶಿಯ ಮೇಲೆ ಹೊದಿಸುವ ತಾಡಪತ್ರಿ ಬೇಕಾದವನು ಬೇಕು ಅನ್ನಬೇಕು, ಬೇಡವಾದವನು ಫೋನಿಟ್ಟು ತನ್ನ ಕೆಲಸ ನೋಡಿಕೊಳ್ಳಬೇಕು. ಇವನು ಎರಡೂ ಮಾಡುತ್ತಿರಲಿಲ್ಲ. ಸೊಸೆ ಶಿವಕಾಂತಾ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವುದು, ಅವನು ಬೇಡ ಅನ್ನುವುದು, ಇವಳು ನಗುವುದು. ಬೇಡ ಅಂದವನ ಜೊತೆ ನಗುವಂಥದ್ದು ಏನಿರುತ್ತದೆ?

ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಪುಂಡಿಪಲ್ಯ ಸೋಸುತ್ತ ಆಕೆಯ ಕಿವಿಗೆ ಬಿದ್ದದ್ದು ಒಂದೇ ಕಡೆಯ ಮಾತು.

“ಬ್ಯಾಡ ಅಂದ್ರ ಹೆಂಗ್ರಿ... ಇಲ್ರಿ, ನೀವು ಹಂಗನಬಾರ್ದು... ಆತು, ನಾ ಗುರುವಾರ ಮತ್ತ ಮಾಡ್ತೇನಿ... ಏ ಹೋಗ್ರಿ, ನೀವೊಬ್ರು!” ಆಮೇಲೆ ನಗು.

ಶಿವಕಾಂತಾ ಫೋನಿಟ್ಟು ಒಳಗೆ ಬರುವುದಕ್ಕೂ ಗೌರಾಬಾಯಿ ಸೊಪ್ಪಿನ ದೇಟು ಮುರಿದು ಎಸೆಯುವುದಕ್ಕೂ ಸರಿಹೋಯಿತು.

“ಯಾರವ ಬೇ?”

“ಗಿರಾಕಿ ರೀ ಅತ್ತಿ. ಜೇವರ್ಗಿ ಕರೀಮಸಾಬ್ರು. ಅಂಗಡಿ ಅದ ಅವರ್ದು.”

“ಏನ್ ತಗೊಂಡಾನ?”

“ಇನ್ನಾ ಏನೂ ತಗೊಂಡಿಲ್ರಿ.”

“ತಗೊಳ್ಳದವ ಗಿರಾಕಿ ಹೆಂಗಾದ?”

ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು. ಶಿವಕಾಂತಾ ಅತ್ತ ಓಡಿದಳು.

ಆಳಂದದ ಆ ಮನೆಯಲ್ಲಿ ತಾಡಪತ್ರಿ ವ್ಯಾಪಾರ ಮಾವ ಶಾಂತಲಿಂಗಪ್ಪನ ಕಾಲದ್ದು. ತೊಗರಿ ರಾಶಿಗೆ ಮುಂಚೆ ಆತ ತಾಡಪತ್ರಿಯ ಗಂಟು ಬಸ್ಸಿನ ಮೇಲೆ ಹಾಕಿಸಿ ಅಫಜಲಪುರ, ಜೇವರ್ಗಿ ಅಂತ ತಿರುಗುತ್ತಿದ್ದ. ಅಂಗಡಿಯ ಕಟ್ಟೆಗೆ ಕೂತು, ಚಹಾ ಕುಡಿದು, ಯಾರ ಮನೆಯ ಮದುವೆ ಎಲ್ಲಿಗೆ ಬಂತು ಅಂತ ವಿಚಾರಿಸಿ, ಏಳುವ ಹೊತ್ತಿಗೆ ಗಂಟು ಮಾರಿ ಅಲ್ಲೇ ಬಿಟ್ಟು ಬರುತ್ತಿದ್ದ. ಈ ಸಲ ಬೇಸಿಗೆಯಲ್ಲಿ ಬಸ್ಸಿನ ಮೆಟ್ಟಿಲಿಂದ ಜಾರಿ ಸೊಂಟ ಮುರಿದುಕೊಂಡ ಮೇಲೆ ಪಡಸಾಲೆಯ ಮಂಚವೇ ಆತನ ಊರಾಯಿತು. ಮಗ ದೌಲತರಾಯ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ನೋಡಿಕೊಳ್ಳುತ್ತಾನೆ. ಒಳ್ಳೆಯವನು, ಕೆಟ್ಟ ಚಟವಿಲ್ಲ. ಅಳೆದು ಕೊಡು ಅಂದರೆ ಅಳೆಯುತ್ತಾನೆ, ಕಟ್ಟು ಅಂದರೆ ಕಟ್ಟುತ್ತಾನೆ. ಮಾತಾಡು ಅಂದರೆ ಮಾತ್ರ ಗಿರಾಕಿಯ ಚಪ್ಪಲಿ ನೋಡುತ್ತಾನೆ.

ಮೊದಮೊದಲು ಶಾಂತಲಿಂಗಪ್ಪನೇ ಮಂಚದಿಂದ ಫೋನಿನಲ್ಲಿ ವ್ಯಾಪಾರ ಶುರು ಮಾಡಿದ. ಎದುರಿನವನ ಮುಖ ಕಾಣದೆ ಆತನಿಗೆ ಸಿಟ್ಟು ಬರುತ್ತಿತ್ತು, ಸಿಟ್ಟಿಗೆ ಕೆಮ್ಮು ಬರುತ್ತಿತ್ತು. ಒಂದು ದಿನ ಕೆಮ್ಮು ಹತ್ತಿದಾಗ ಸೊಸೆಯ ಕೈಗೆ ರಿಸೀವರ್ ಕೊಟ್ಟು “ನೀ ಹೇಳು” ಅಂತ ಸನ್ನೆ ಮಾಡಿದ. ಹಿರೋಳ್ಳಿಯ ಹುಡುಗಿ, ಮೆಟ್ರಿಕ್ ಪಾಸು, ಮದುವೆಯಾದಾಗಿನಿಂದ ರೊಟ್ಟಿ ಬಡಿಯುವುದು ಬಿಟ್ಟರೆ ಆ ಮನೆಯಲ್ಲಿ ಬೇರೆ ದನಿ ಕೇಳಿಸಿದವಳಲ್ಲ. ಆ ದಿನ ಅಫಜಲಪುರದ ಒಬ್ಬ ಗೌಡರಿಗೆ ಎರಡು ತಾಡಪತ್ರಿ ಮಾರಿದಳು. ಮಾವ ಬಾಯಿ ಬಿಟ್ಟು ನೋಡಿದ. ಅಂದಿನಿಂದ ಬೆಳಗಿನ ಕೆಲಸ ಮುಗಿದ ಮೇಲೆ ಆ ಕರಿ ಫೋನು ಅವಳದ್ದು.

ಟ್ರಂಕ್ ಕಾಲ್ ಅಂದರೆ ಮೂರು ಮಿನಿಟು. ಆಮೇಲೆ ಆಪರೇಟರ್ ನಡುವೆ ಬಂದು ಮುಂದುವರಿಸುತ್ತೀರಾ ಅನ್ನುತ್ತಾನೆ. ಶಿವಕಾಂತಾಳಿಗೆ ಆ ಮನೆಯಲ್ಲಿ ತನ್ನದು ಅಂತ ಇದ್ದದ್ದು ಆ ಮೂರು ಮಿನಿಟೇ. ಅದು ಹೋದರೆ ಮತ್ತೆ ಹಿಟ್ಟು, ಹಂಚು, ಹೊಗೆ. ಮಾವ ಬೇರೆ ಎಳ್ಳಮಾವಾಸ್ಯೆಯ ಗಡುವು ಹಾಕಿದ್ದ.

“ಎಳ್ಳಮಾಸಿತನಕ ನೋಡೂಣು. ಜೇವರ್ಗಿ ಕಡಿ ಮಾಲ್ ಹೋಗಲಿಲ್ಲಂದ್ರ ಫೋನ್ ಅಂಗಡಿಗಿ ಒಯ್ಯಲಿ. ದೌಲತ ಮಾತಾಡ್ತಾನ.”

ದೌಲತ ಮಾತಾಡುತ್ತಾನೆ ಅನ್ನುವುದನ್ನು ಆ ಮನೆಯಲ್ಲಿ ಯಾರೂ ನಂಬಿರಲಿಲ್ಲ, ಹೇಳಿದವನೂ ಸಹ.

ಆ ರಾತ್ರಿ ಊಟಕ್ಕೆ ಕೂತಾಗ ಗೌರಾಬಾಯಿ ಮಗನ ಮುಂದೆ ಮಾತು ತೆಗೆದಳು.

“ನಿನ್ನ ಹೇಣ್ತಿ ಜೇವರ್ಗಿಯವನ ಜೋಡಿ ನಗ್ತಾಳಪ. ನಿನಗೇನರೇ ಖಬರ ಅದ ಏನು?”

“ಯವ್ವಾ, ವ್ಯಾಪಾರದ ಮಾತು ಅದು.”

“ವ್ಯಾಪಾರಕ್ಕ ನಗಬೇಕೇನು? ನಿಮ್ಮಪ್ಪ ಇಷ್ಟು ವರ್ಷ ಮಾರ್ಯಾನ. ಎಂದರೇ ನಕ್ಕಿದ್ದು ನೋಡೀಯೇನು?”

ಮಂಚದ ಮೇಲೆ ಊಟ ಮಾಡುತ್ತಿದ್ದ ಶಾಂತಲಿಂಗಪ್ಪ ಕೇಳಿಸದವನಂತೆ ಮಜ್ಜಿಗೆ ಸುರಿದುಕೊಂಡ. ಶಿವಕಾಂತಾ ಗಂಡನ ಕಡೆ ತಿರುಗಿದಳು. “ನೀವ ಹೇಳ್ರಿ. ಫೋನ್ ಮಾಡ್ಲೋ ಬ್ಯಾಡೋ?”

“ಹೂಂ, ಮಾಡು,” ಅಂದ ದೌಲತರಾಯ.

ಅವಳಿಗೆ ಅಷ್ಟು ಸಾಕಾಯಿತು. ಅತ್ತೆ ದಿನಕ್ಕೆ ಹತ್ತು ಸಲ ಬೇಡ ಅಂದರೂ ಗಂಡ ಒಂದು ಸಲ ಹೂಂ ಅನ್ನುತ್ತಾನಲ್ಲ ಅಂತ ಖುಷಿಪಟ್ಟಳು.

ಮುಂದಿನ ವಾರ ಅಫಜಲಪುರದ ಗಂಟು ಹಿಂದಿರುಗಿ ಬಂತು. ಅಲ್ಲಿಯ ಅಂಗಡಿಕಾರ ಹಣಮಂತರಾಯ ಮೊದಲನೇ ಫೋನಿಗೇ “ಹೂಂ ಹೂಂ, ಕಳಸ್ರಿ, ಹತ್ತು ಕಳಸ್ರಿ” ಅಂದಿದ್ದ. ದೌಲತರಾಯ ಗಂಟು ಕಟ್ಟಿ ಬಸ್ಸಿನ ಮೇಲೆ ಹಾಕಿಸಿದ. ಯಾರೂ ಇಳಿಸಿಕೊಳ್ಳಲು ಬರಲಿಲ್ಲವೆಂದು ಗಂಟು ಅದೇ ಬಸ್ಸಿನಲ್ಲಿ ತಿರುಗಿ ಬಂತು. ಶಿವಕಾಂತಾ ಮತ್ತೆ ಫೋನ್ ಮಾಡಿದಳು. “ಹೂಂ, ನಾಳಿ ಕಳಸ್ರಿ” ಅಂದ. ನಾಳೆಯೂ ಗಂಟು ಅಫಜಲಪುರ ನೋಡಿಕೊಂಡು ಬಂತು.

“ಗಂಟಿಗಿ ಬಸ್ ಪಾಸ್ ಮಾಡಿಸಿ ಕೊಡು,” ಅಂತ ಶಾಂತಲಿಂಗಪ್ಪ ಸಿಡುಕಿದ. “ದಿನಾ ಅಡ್ಡಾಡ್ತದ.”

ಶಿವಕಾಂತಾಳ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿದ ಗೌರಾಬಾಯಿಗೆ ಕರುಣೆ ಬರಲಿಲ್ಲ, ಇನ್ನಷ್ಟು ಸಿಟ್ಟು ಬಂತು.

“ಊಟಕ್ಕ ಬಡಸೂದು ಕಲ್ತಿದ್ರ ಇದು ಗೊತ್ತಾಗ್ತಿತ್ತು ನಿನಗ. ಬೀಗರು ಬಂದಾಗ ಏನ್ ಮಾಡ್ತಾರ? ಸಾಕ್ರಿ, ಸಾಕ್ರಿ ಅಂತ ತಾಟಿನ ಮ್ಯಾಲ ಕೈ ಅಡ್ಡ ಹಿಡೀತಾರ. ಕೈ ಹಿಡದ್ರೂ ಬೆರಳ ಸಂದಿ ಬಿಟ್ಟಿರ್ತಾರ. ಅವರಿಗಿ ಇನ್ನೊಂದು ರೊಟ್ಟಿ ಹಿಡಸ್ತದ, ನೀ ಹಾಕಬೇಕು. ಹೂಂ ಹಾಕು, ಹಾಕು ಅಂತಾನಲ್ಲ, ಅವ ತಾಟಿನಾಗ ಬಿಟ್ಟು ಏಳಾಂವ. ಅವನ ಮಾತು ಕೇಳಿ ಗಂಟು ಕಟ್ಟಿದಿ!”

ಬೈಗುಳವೇ ಅದು, ಉಪದೇಶವಲ್ಲ. ಆದರೆ ಶಿವಕಾಂತಾ ಅದನ್ನು ಹಾಗೇ ಎತ್ತಿಟ್ಟುಕೊಂಡಳು. ಅಂದಿನಿಂದ ಫೋನಿನಲ್ಲಿ ಹೂಂ ಅಂದವರಿಗೆ ಗಂಟು ಕಟ್ಟಿಸಲಿಲ್ಲ. ಬೇಡ ಅಂದವರನ್ನು ಬಿಡಲಿಲ್ಲ.

“ಹಲೋ, ಕರೀಮಸಾಬ್ರೇನ್ರಿ? ಆಳಂದದಿಂದ, ಶಾಂತಲಿಂಗಪ್ನೋರ ಮನಿಂದ.”

“ಹಾಂ, ಹೇಳಮ್ಮ. ನಿಮ್ಮ ಮಾಲ್ ಬ್ಯಾಡ. ಸೊಲ್ಲಾಪುರದಾಗ ಸಸ್ತಾ ಸಿಗ್ತದ.”

“ಹೌದ್ರಿ, ಸಸ್ತಾ ಸಿಗ್ತದ. ಹೋದ ವರ್ಷ ಅಲ್ಲಿಂದೇ ತಂದಿದ್ರೇನ್ರಿ?”

“ತಂದಿದ್ದೆ.”

“ಒಯ್ದವರು ಯಾರರೇ ತಿರುಗಿ ಬಂದ್ರೇನ್ರಿ?”

“ಬಂದ್ರು. ಹಗ್ಗ ಕಟ್ಟೋ ಮೂಲ್ಯಾಗ ಹರೀತಾವ ಅಂತ ಜಗಳಕ್ಕ ಬಂದ್ರು.”

“ನಮ್ಮವು ಮೂಲಿಗಿ ಎರಡು ಪದರ ಹಾಕಿ ಹೊಲದಿರ್ತಾವ್ರಿ. ಒಂದೇ ಒಂದು ಬಸ್ಸಿನ ಮ್ಯಾಲ ಕಳಸ್ತೇನಿ. ನಾಕ್ ಮಂದಿ ಮೂಲಿ ಹಿಡಕೊಂಡು ನಡುವ ಒಂದು ಕೊಡ ನೀರು ಹಾಕ್ರಿ. ಹನಿ ಇಳದ್ರ ಬಸ್ಸಿನ ಮ್ಯಾಲೇ ಒಗದು ಕಳಸ್ರಿ.”

“ಅದೆಲ್ಲಾ ಖರೇ ಬೇಟಿ. ಮನ್ಯಾಗ ಕೇಳಬೇಕಲ್ಲ?”

ಮನೆಯಲ್ಲಿ ಕೇಳಬೇಕು ಅನ್ನುವುದು ಎಲ್ಲ ಗಂಡಸರೂ ತಪ್ಪಿಸಿಕೊಳ್ಳುವ ಬಾಗಿಲು. ಶಿವಕಾಂತಾ ಆ ಬಾಗಿಲಿಗೇ ಹೋಗಿ ನಿಂತಳು.

“ಕೇಳ್ರಿ. ಇಲ್ಲಾಂದ್ರ ಅವರ ಕೈಯಾಗೇ ಫೋನ್ ಕೊಡ್ರಿ, ನಾನೇ ಕೇಳ್ತೇನಿ.”

ಕರೀಮಸಾಬ ಗೊಳ್ಳೆಂದು ನಕ್ಕ. “ಶರೀಫಾಬಿ ಕೈಯಾಗ ಕೊಡ್ಲಾ? ನಿನ್ನ ಕಣ್ಣಾಗ ನೀರು ತರಸ್ತಾಳ ಆಕಿ!”

ಇಂಥ ಮಾತಿಗೇ ಶಿವಕಾಂತಾ ನಗುತ್ತಿದ್ದದ್ದು. ಹೊಸ್ತಿಲ ಮೇಲೆ ಕೂತವರಿಗೆ ಆ ಕಡೆಯ ಮಾತು ಕೇಳಿಸುವ ಸೌಲಭ್ಯ ಇರಲಿಲ್ಲ.

ಅವನ ಹೆಂಡತಿ ಶರೀಫಾಬಿ ನಿಜಕ್ಕೂ ಕಣ್ಣಲ್ಲಿ ನೀರು ತರಿಸುವ ಹೆಂಗಸು. ಅಂಗಡಿಗೆ ಯಾವ ಮಾಲು ಬರಬೇಕು ಅನ್ನುವುದು ಅವಳ ಮಾತು, ಬೇಡ ಅನ್ನುವುದಷ್ಟೇ ಕರೀಮಸಾಬನ ಪಾಲಿನದು. ಕಳಿಸಿದ ಒಂದಕ್ಕೆ ನೀರು ಹಾಕಿ ನೋಡಿದಳು, ಹನಿ ಇಳಿಯಲಿಲ್ಲ. ಆದರೂ ನೀಲಿ ಬಣ್ಣ ಬಿಸಿಲಿಗೆ ಬಿಳುಪಾಗುತ್ತದೆ ಅಂದಳು. ಹೊಸ ತಾಡಪತ್ರಿಯ ವಾಸನೆ ತೊಗರಿಗೆ ಹತ್ತುತ್ತದೆ ಅಂದಳು. ಬಿಸಿಲಿಗೆ ಎರಡು ದಿನ ಹಾಕಿದರೆ ಹೋಗುತ್ತದೆ ಅಂದರೆ ಹಾಕಿ ಮೂಸಿ ನೋಡಿ ಹೇಳುತ್ತೇನೆ ಅಂದಳು. ಮೂಸಿ ನೋಡಿ ಮತ್ತೊಂದು ತಕರಾರು ತೆಗೆದಳು.

“ನೀ ಬಾಳ ಮೀಠಾ ಮಾತಾಡ್ತಿ ಬೇಟಿ. ಅದಕ್ಕೇ ನನಗ ಭರೋಸಾ ಬರವಲ್ದು. ಮನ್ಯಾಗ ಹಿರೇರು ಇಲ್ಲೇನು? ನಿಮ್ಮ ಅತ್ತಿ ಅದಾರೋ ಇಲ್ಲೋ?”

“ಅದಾರ್ರಿ.”

“ಮತ್ತ ಫೋನಿಗಿ ಯಾಕ ಬರಂಗಿಲ್ಲ? ಅವರು ಬಂದು ಒಂದು ಮಾತು ಹೇಳ್ಲಿ. ಆಮ್ಯಾಲ ತಗೋತೇನಿ.”

ಶಿವಕಾಂತಾ ದಂಗಾದಳು. ಸೊಲ್ಲಾಪುರದ ದರಕ್ಕೆ ಜವಾಬಿತ್ತು, ವಾಸನೆಗೆ ಜವಾಬಿತ್ತು. ಅತ್ತೆಯನ್ನು ಫೋನಿಗೆ ಕರೆತರುವ ಮಾತಿಗೆ ಎಲ್ಲಿಂದ ಜವಾಬು ತರುವುದು? ಗೌರಾಬಾಯಿ ಆ ಫೋನಿನ ಧೂಳು ಸಹ ಒರೆಸುತ್ತಿರಲಿಲ್ಲ. ಆ ಡಬ್ಬಿಯಿಂದ ಮನೆ ಕೆಡುತ್ತದೆ ಅಂತ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹೇಳುವವಳು.

ಕೇಳಿಯೇಬಿಡೋಣ ಅಂತ ಧೈರ್ಯ ಮಾಡಿ ಎದ್ದ ದಿನವೇ ಫೋನಿಗೆ ಕೀಲಿ ಬಿದ್ದಿತ್ತು.

ಡಯಲಿನ ಮೊದಲನೇ ತೂತಿನಲ್ಲಿ ಹೆಬ್ಬೆರಳಷ್ಟು ದಪ್ಪದ ಹಿತ್ತಾಳೆ ಬೀಗ. ಡಯಲ್ ತಿರುಗದೆ ಕಾಲ್ ಬುಕ್ ಮಾಡುವುದು ಹೇಗೆ? ಶಿವಕಾಂತಾ ಅದನ್ನು ನೋಡಿದಳು, ಆಮೇಲೆ ಅತ್ತೆಯ ಸೊಂಟದ ಚಾವಿಗೊಂಚಲು ನೋಡಿದಳು. ಉಗ್ರಾಣದ ಚಾವಿ, ಟ್ರಂಕಿನ ಚಾವಿ, ಬೆಣ್ಣೆ ಇಡುವ ಜಾಳಿಗೆ ಕಪಾಟಿನ ಚಾವಿ ಎಲ್ಲ ಇರುವುದು ಅಲ್ಲೇ. ಇನ್ನು ಕೇಳುವುದೇನಿದೆ?

“ಅತ್ತೀ, ಚಾವಿ ಕೊಡ್ರಿ.”

“ಯಾವ ಚಾವಿ?”

“ಫೋನಿಂದು.”

ಗೌರಾಬಾಯಿ ಎದ್ದು ಬಂದು, ಕೀಲಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. “ನಾ ಹಾಕಿಲ್ಲ.”

“ಮತ್ಯಾರು ಹಾಕ್ತಾರ್ರಿ?”

“ನಾ ಹಾಕಿಲ್ಲ ಅಂದೆ. ಹಾಕಿದಾಂವ ಛಲೋ ಮಾಡ್ಯಾನ. ಖರೆ ನಾ ಹಾಕಿಲ್ಲ.”

ಯಾರೂ ನಂಬಲಿಲ್ಲ. ಶಾಂತಲಿಂಗಪ್ಪ ಹೆಂಡತಿಯನ್ನು ಕರೆದು, ಹಾಕಿದರೆ ಹಾಕಿದೆ ಅನ್ನು, ಈ ವಯಸ್ಸಿನಲ್ಲಿ ಸುಳ್ಳು ಯಾಕೆ ಅಂದ. ಆಕೆ ಗೊಂಚಲನ್ನೇ ಬಿಚ್ಚಿ ಮಂಚದ ಮೇಲೆ ಒಗೆದಳು. ಆತ ಒಂದೊಂದೇ ಚಾವಿ ಹಾಕಿ ನೋಡಿದ. ಒಂದೂ ಹತ್ತಲಿಲ್ಲ. ಬೇರೆ ಕಡೆ ಬಚ್ಚಿಟ್ಟಿದ್ದಾಳೆ ಅಂತ ಆತನಿಗೆ ಇನ್ನೂ ಖಾತ್ರಿಯಾಯಿತು. ಸಂಜೆ ಅಂಗಡಿಯಿಂದ ಬಂದ ದೌಲತರಾಯನಿಗೆ ಶಿವಕಾಂತಾ ಹೇಳಿದಳು.

“ನಿಮ್ಮವ್ವಗ ನೀವರೇ ಕೇಳ್ರಿ.”

“ಹೂಂ, ಕೇಳ್ತೇನಿ.”

ಆ ವಾರವೆಲ್ಲ ಅಡುಗೆಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ಶಿವಕಾಂತಾ ರೊಟ್ಟಿಯನ್ನು ಅತ್ತೆಯ ಬೆನ್ನೇ ಅನ್ನುವ ಹಾಗೆ ಬಡಿದಳು. ಗೌರಾಬಾಯಿ ಹಿಂಡಿ ಚಟ್ನಿಗೆ ಖಾರ ಜಾಸ್ತಿ, ಬೇಳೆಗೆ ಉಪ್ಪು ಕಡಿಮೆ ಅಂತ ದಿನವೂ ಹೇಳಿದಳು, ತಾಟು ಮಾತ್ರ ಬರಿದು ಮಾಡಿ ಎದ್ದಳು. ಮಾಡದ ತಪ್ಪಿಗೆ ಬೈಸಿಕೊಳ್ಳುವ ಅಭ್ಯಾಸ ಆಕೆಗಿರಲಿಲ್ಲ. ಒಳಗೊಳಗೇ ಕುದಿಯುತ್ತಿದ್ದಳು, ಪಾಪ. ಇತ್ತ ಎಳ್ಳಮಾಸಿ ಹತ್ತಿರ ಬರುತ್ತಿತ್ತು. ಹೊಲದಲ್ಲಿ ತೊಗರಿ ಒಣಗಿ ನಿಂತಿತ್ತು, ಮೋಡ ಆಡಲು ಶುರುವಾಗಿತ್ತು. ಜೇವರ್ಗಿಗೆಂದು ತೆಗೆದಿಟ್ಟ ತಾಡಪತ್ರಿಗಳು ಪಡಸಾಲೆಯ ಮೂಲೆಯಲ್ಲಿ ಬಿದ್ದಿದ್ದವು.

ಒಂದು ಮಧ್ಯಾಹ್ನ ಶಿವಕಾಂತಾ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ಶಾಂತಲಿಂಗಪ್ಪ ಬಾಯಿ ತೆರೆದು ಮಲಗಿದ್ದ. ಫೋನು ಹೊಡೆದುಕೊಳ್ಳತೊಡಗಿತು. ಕೀಲಿ ಬಿದ್ದಿದ್ದರೂ ಹೊರಗಿನಿಂದ ಬರುವ ಕಾಲ್ ಬರುತ್ತದೆ ಅನ್ನುವುದು ಗೌರಾಬಾಯಿಗೆ ಗೊತ್ತಿರಲಿಲ್ಲ. ಎಷ್ಟು ಹೊತ್ತಾದರೂ ಅದು ನಿಲ್ಲಲಿಲ್ಲ. ಕೊನೆಗೆ ಸೆರಗಿನಿಂದ ಹಿಡಿದು ಎತ್ತಿದಳು.

“ಯಾರು?”

“ಜೇವರ್ಗಿಂದ. ಶಿವಕಾಂತಾ ಅದಾಳೇನ್ರಿ?”

ಹೆಂಗಸಿನ ದನಿ. ವಯಸ್ಸಾದವಳ ದನಿ. ಗೌರಾಬಾಯಿ ಫೋನನ್ನೇ ಒಂದು ಸಲ ಸಂಶಯದಿಂದ ನೋಡಿದಳು.

“ಜೇವರ್ಗಿಂದ ಗಂಡಸ ಮಾತಾಡ್ತಾನಲ್ಲ?”

“ಅವರು ಬ್ಯಾಡ ಅಂದು ನನಗ ಕೊಡ್ತಾರ್ರಿ. ಮುಂದಿನ ಮಾತೆಲ್ಲಾ ನಂದೇ. ನೀವ್ಯಾರು?”

“ನಾ ಆಕಿ ಅತ್ತಿ.”

“ಅಲ್ಲಾ! ನಿಮ್ಮನ್ನೇ ಹುಡುಕಾಕತ್ತಿದ್ದೆ. ಖರೇ ಹೇಳ್ರಿ ಬಾಯಿ, ಆ ತಾಡಪತ್ರಿ ಛಲೋ ಅದಾವೇನು? ನಿಮ್ಮ ಸೊಸಿ ಬಾಳ ಮೀಠಾ ಮಾತಾಡ್ತಾಳ. ನನಗ ಸಂಶಯ.”

“ನನಗೂ ಅದೇ ಸಂಶಯ,” ಅಂದಳು ಗೌರಾಬಾಯಿ.

ಆ ಕಡೆ ಶರೀಫಾಬಿ ಮೆಚ್ಚಿಕೊಂಡ ಹಾಗೆ ಹ್ಞಾಂ ಅಂದಳು.

“ಖರೆ ತಾಡಪತ್ರಿ ಛಲೋ ಅದಾವ,” ಅಂತ ಗೌರಾಬಾಯಿ ಮುಂದುವರಿಸಿದಳು. “ನಮ್ಮ ಮಾಳಗಿ ಮ್ಯಾಲ ಒಂದು ಹಾಸೇವಿ. ಎಷ್ಟೋ ಮಳಿಗಾಲ ಆದ್ವು. ಸೋರಂಗಿಲ್ಲ. ಒಂದು ಕಡಿ ತೂತದ, ಇಲಿ ಕಡದದ್ದು. ಕಾಳಿನ ವಾಸನಿಗಿ ಇಲಿ ಬರ್ತಾವ, ಅದನ ನೋಡಕೋಬೇಕು.”

“ಇಲಿ ಮಾತು ಆಕಿ ಹೇಳ್ಲೇ ಇಲ್ಲ.”

“ಆಕಿ ಯಾಕ ಹೇಳ್ತಾಳ? ಆಕಿ ಮಾರಾಕಿ.”

“ಆತು ಬಿಡ್ರಿ. ಮಾಲ್ ಕಳಸ್ರಿ, ತಗೋತೇನಿ. ಆದ್ರ ನೀಲಿ ಬ್ಯಾಡ, ಹಳದಿ ಕಳಸ್ರಿ. ಮತ್ತ ಆಕಿ ವಾರಾತು, ಫೋನ್ ಯಾಕ ಮಾಡವಲ್ಲಳು? ನೀವು ಬ್ಯಾಡ ಅಂದ್ರೇನು?”

“ನಾ ದಿನಾ ಬ್ಯಾಡ ಅಂತೇನಿ, ಆಕಿ ದಿನಾ ಮಾಡ್ತಿದ್ಳು. ಈಗ ಫೋನಿಗಿ ಯಾರೋ ಕೀಲಿ ಹಾಕ್ಯಾರ. ಮನ್ಯಾಗ ಎಲ್ಲಾರೂ ನನ್ನ ಕಡಿ ಬೆರಳ ತೋರಸ್ತಾರ.”

“ನೀವು ಹಾಕಿಲ್ಲೇನು?”

“ನಾ ಹಾಕಿದ್ರ ಊರಿಗಿ ಹೇಳಿ ಹಾಕ್ತಿದ್ದೆ!”

ಹಿಟ್ಟಿನ ಡಬ್ಬಿ ತಲೆಯ ಮೇಲಿಟ್ಟುಕೊಂಡು ಬಂದ ಶಿವಕಾಂತಾ ಬಾಗಿಲಲ್ಲೇ ನಿಂತುಬಿಟ್ಟಳು. ಅತ್ತೆ ಫೋನಿನಲ್ಲಿ ಜಗಳವಾಡುವಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದಳು. ಆ ಕೊನೆಯ ಮಾತು ಅವಳಿಗೂ ಕೇಳಿತು. ಹೌದಲ್ಲ. ಈಕೆ ಬೇಡವಾದದ್ದನ್ನು ಬೇಡ ಅಂತ ಓಣಿಗೆಲ್ಲ ಕೇಳುವಂತೆ ಹೇಳುವವಳು. ಕದ್ದು ಕೀಲಿ ಹಾಕುವುದು ಈಕೆಯ ಕೈಯಲ್ಲಿ ಆಗುವ ಕೆಲಸವಲ್ಲ. ಮಾವನೂ ಸಿಟ್ಟು ಬಂದರೆ ಕೆಮ್ಮಿ ಕೆಮ್ಮಿ ಬೈಯುವವನು. ಹಾಗಾದರೆ ಈ ಮನೆಯಲ್ಲಿ ಒಂದು ಸಲವೂ ಬೇಡ ಅನ್ನದವರು ಯಾರು?

ಗೌರಾಬಾಯಿ ಫೋನಿಟ್ಟು ತಿರುಗಿದಳು. “ಜೇವರ್ಗಿಗಿ ಹಳದಿ ಕಳಸಬೇಕಂತ. ನೀಲಿ ಬ್ಯಾಡಂತ.”

ಶಿವಕಾಂತಾ ಡಬ್ಬಿ ಇಳಿಸಿ ಅಲ್ಲೇ ನೆಲಕ್ಕೆ ಕೂತಳು. “ಅತ್ತೀ, ತಪ್ಪಾತ್ರಿ. ನಾ ನಿಮ್ಮ ಮ್ಯಾಲ ಸಂಶಯ ಮಾಡ್ದೆ.”

“ನಾನೂ ನಿನ್ನ ಮ್ಯಾಲ ಮಾಡಿದ್ದೆ ತಗಿ. ಯಾರು ಹಾಕ್ಯಾರ ಗೊತ್ತಾತೇನು?”

“ಬರೇ ಹೂಂ ಹೂಂ ಅನ್ನೋ ಹಣಮಂತರಾಯನಂಥಾವರು ನಮ್ಮ ಮನ್ಯಾಗೂ ಒಬ್ರು ಅದಾರ್ರಿ.”

ಗೌರಾಬಾಯಿಗೆ ಅರ್ಥವಾಗಲು ತಡವಾಗಲಿಲ್ಲ. ಆಕೆ ಒಂದು ಉಸಿರು ಬಿಟ್ಟು, ತನ್ನ ಹೊಟ್ಟೆಯಲ್ಲಿ ಹುಟ್ಟಿದವನು ಹೀಗೆ ಮಾಡಿದನಲ್ಲ ಅಂತ ಅಲ್ಲಿಯೇ ಗೋಡೆಗೆ ಒರಗಿದಳು.

ಸಂಜೆ ದೌಲತರಾಯ ಕೈಕಾಲು ತೊಳೆದು ಊಟಕ್ಕೆ ಕೂತ. ಶಿವಕಾಂತಾ ಬಿಸಿ ರೊಟ್ಟಿ ಹಾಕಿ, ಪುಂಡಿಪಲ್ಯ ಬಡಿಸಿದಳು. ಎದುರಿಗೆ ತಾಯಿ ಬಂದು ಕೂತಳು.

“ದೌಲತಾ, ಫೋನಿನ ಚಾವಿ ಕೊಡು.”

ಅವನು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದ. “ಹೂಂ,” ಅಂದು ಅಂಗಿಯ ಕಿಸೆಗೆ ಕೈ ಹಾಕಿ, ಸಣ್ಣ ಚಾವಿ ತೆಗೆದು ತಾಟಿನ ಪಕ್ಕದಲ್ಲಿಟ್ಟ. ಮಂಚದ ಮೇಲೆ ಶಾಂತಲಿಂಗಪ್ಪನ ಕೆಮ್ಮು ಅರ್ಧಕ್ಕೇ ನಿಂತಿತು.

“ಅದಕ್ಕೂ ಹೂಂ ಅನ್ನಬ್ಯಾಡಲೇ!” ಅಂತ ಗೌರಾಬಾಯಿ ಸಿಡಿದಳು. “ಬ್ಯಾಡ ಅನ್ನು. ಯಾಕ ಬ್ಯಾಡ ಅಂತ ಹೇಳು. ವಾರ ಪೂರ್ತಿ ಎಲ್ಲಾರೂ ನನಗ ಕಳ್ಳಿ ಅಂದ್ರು, ಕುಂತು ನೋಡಿದಿಯಲ್ಲ!”

ದೌಲತರಾಯ ತಲೆ ಎತ್ತಲಿಲ್ಲ. ಶಿವಕಾಂತಾ ಅವನ ಎದುರಿಗೆ ಕೂತಳು. ಸಿಟ್ಟಿಗಿಂತ ಹೆಚ್ಚು ನೋವಾಗಿತ್ತು ಅವಳಿಗೆ.

“ಮಂದಿ ಏನರೇ ಅಂದ್ರೇನ್ರಿ?”

“ಚಹಾದಂಗಡ್ಯಾಗ ಅಂತಾರ. ಅದಕ್ಕಲ್ಲ.”

“ಮತ್ತ?”

ಅವನು ಮುರಿದ ರೊಟ್ಟಿಯ ಚೂರನ್ನು ತಾಟಿನ ಅಂಚಿಗೆ ಸರಿಸಿದ.

“ಅವರ ಜೋಡಿ ನಗ್ತಿ. ಬಾಗಿಲದಾಗ ನಿಂತು ಕೇಳೇನಿ. ನನ್ನ ಜೋಡಿ ಒಂದಿನಾನೂ ಹಂಗ ನಕ್ಕಿಲ್ಲ ನೀ.”

ಯಾವ ಊರಿನ ಅಂಗಡಿಕಾರನೂ ಈ ತಕರಾರು ತೆಗೆದಿರಲಿಲ್ಲ. ಶಿವಕಾಂತಾ ಸೆರಗಿನಿಂದ ಮೂಗು ಒರೆಸಿಕೊಂಡಳು.

“ನಿಮ್ಮ ಜೋಡಿ ಹೆಂಗ ನಗ್ಲಿ ಹೇಳ್ರಿ? ಅವರು ಬ್ಯಾಡ ಅಂತಾರ, ನಾ ಯಾಕಂತೇನಿ, ಅವರು ಮತ್ತೇನರೇ ಅಂತಾರ. ನೀವು ಹೂಂ ಅಂತೀರಿ. ಹೂಂ ಅಂದಮ್ಯಾಲ ಮುಂದ ಮಾತು ಎಲ್ಲಿಂದ ತರ್ಲಿ ನಾ?”

ಅವನ ಕಣ್ಣು ತುಂಬಿತ್ತು. ಅದನ್ನು ಮುಚ್ಚಿಕೊಳ್ಳಲು ತಾಟಿನ ಕಡೆ ಬಾಗಿ ಎರಡು ತುತ್ತು ಉಂಡ. ಗೌರಾಬಾಯಿ ಚಾವಿಯನ್ನು ಎತ್ತಿ ಸೊಸೆಯ ಕಡೆ ಒಗೆದಳು. “ನಾಳಿ ಹಳದಿ ಕಳಸ್ರಿ. ಮತ್ತ ಫೋನಿನಾಗ ಬಾಳ ನಗಬ್ಯಾಡ, ಹೇಳೇನಿ,” ಅಂದಳು. ಆ ಕಟ್ಟಳೆಯನ್ನು ಮಾತ್ರ ಆಕೆ ಬಿಡುವಂತಿರಲಿಲ್ಲ.

ಶಿವಕಾಂತಾ ಚಾವಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಒಲೆಯ ಹತ್ತಿರ ಹೋಗಿ ಇನ್ನೊಂದು ರೊಟ್ಟಿ ತಂದಳು. ದೌಲತರಾಯ ತಾಟಿನ ಮೇಲೆ ಕೈ ಅಡ್ಡ ಹಿಡಿದ.

“ಬ್ಯಾಡ.”

ಅವಳು ನಿಂತಳು. ಮದುವೆಯಾಗಿ ಬಂದಾಗಿನಿಂದ ಆ ಬಾಯಿಂದ ಆ ಮಾತು ಕೇಳಿರಲಿಲ್ಲ. ಬಾಗಿ ಅವನ ಕೈ ನೋಡಿದಳು. ಬೆರಳುಗಳ ನಡುವೆ ತಾಟು ಕಾಣುತ್ತಿತ್ತು.

“ಯಾಕ ಬ್ಯಾಡ್ರಿ?” ಅಂತ ಕೇಳಿ, ಆ ಕೈಯನ್ನು ಸರಿಸಿ ರೊಟ್ಟಿ ಹಾಕಿದಳು. ಹಾಕುತ್ತ, ಜೇವರ್ಗಿಯವರ ಜೊತೆ ನಗುವ ಹಾಗೆಯೇ ನಕ್ಕಳು.